ನೆಗಡಿ ಮಾತ್ರೆ ನುಂಗುವ ಮುನ್ನ
ಮೆಡಿಕಲ್ ಶಾಪಿನಿಂದ ತಂದ ನೆಗಡಿ ಮಾತ್ರೆ ಪಟ್ಟಿಯ ಹಿಂಬದಿಯನ್ನು ದಯವಿಟ್ಟು ಓದಿ. ಹಲವು ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಮೊದಲೇ ಸೇರಿರುತ್ತದೆ. ಅದರ ಮೇಲೆ ಜ್ವರಕ್ಕೆಂದು ಡೋಲೋ 650 (ಅದೂ ಪ್ಯಾರಾಸಿಟಮಾಲ್) ನುಂಗಿದರೆ ಒಂದೇ ಔಷಧಿ ಎರಡು ಸಲ ಹೊಟ್ಟೆ ಸೇರುತ್ತದೆ. ದೊಡ್ಡವರಲ್ಲೂ ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ಮೀರಿದರೆ ಯಕೃತ್ತಿಗೆ ಅಪಾಯ. ಕುಡಿತದ ಅಭ್ಯಾಸವಿದ್ದವರಿಗೆ ಅದಕ್ಕಿಂತ ಕಡಿಮೆಯೂ ಹೆಚ್ಚಾಗಬಹುದು. ಹಲವು ನೆಗಡಿ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮಿನ್ ನಿದ್ದೆ ತರಿಸುತ್ತದೆ, ತೆಗೆದುಕೊಂಡು ಬೈಕ್ ಹತ್ತಬೇಡಿ. ಫಿನೈಲೆಫ್ರಿನ್ ಇದ್ದರೆ ಬಿಪಿ ಇರುವವರು ವೈದ್ಯರನ್ನು ಕೇಳಿ.

ನನಗೆ ಹೆಚ್ಚು ಆತಂಕ ಮಕ್ಕಳ ಬಗ್ಗೆ. ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಎರಡೂ ಸೇರಿದ ಸಿರಪ್ಪನ್ನು 4 ವರ್ಷದೊಳಗಿನವರಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರಲ್ಲೇ ಎಚ್ಚರಿಸಿದ್ದಾರೆ. ಅಕ್ಕನಿಗೆಂದು ವೈದ್ಯರು ಬರೆದುಕೊಟ್ಟ ಸಿರಪ್ಪಿನಲ್ಲಿ ಉಳಿದದ್ದನ್ನು ಪುಟ್ಟ ತಮ್ಮನಿಗೆ ಹಾಕಬೇಡಿ. ಅಡುಗೆಮನೆಯ ಚಮಚದಲ್ಲಂತೂ ಅಳೆಯಲೇಬೇಡಿ. ಬಾಟಲಿಯ ಜೊತೆ ಬಂದ ಅಳತೆಯ ಮುಚ್ಚಳವನ್ನೇ ಬಳಸಿ.