ತಲೆಕೆಳಗಾಗಿ ಮರ ಇಳಿಯುವ ಹಕ್ಕಿ

ಕೊಡಗು, ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳ ನೆರಳುಮರಗಳಲ್ಲಿ ಸುಮಾರು 12 ಸೆಂ.ಮೀ. ಉದ್ದದ ಪುಟ್ಟ ಹಕ್ಕಿಯೊಂದು ಕಂಡುಬರುತ್ತದೆ. ನೇರಳೆ ಛಾಯೆಯ ನೀಲಿ ಬೆನ್ನು, ಮಖಮಲ್ಲಿನಂತಹ ಕಪ್ಪು ಹಣೆ, ಕೆಂಪು ಕೊಕ್ಕು ಇದರ ಗುರುತು. ಇಂಗ್ಲಿಷಿನಲ್ಲಿ ಇದು ವೆಲ್ವೆಟ್ ಫ್ರಂಟೆಡ್ ನಟ್‌ಹ್ಯಾಚ್.

ಮರಕುಟಿಗವು ಬಾಲವನ್ನು ಕಾಂಡಕ್ಕೆ ಊರಿ ಮೇಲೇರುತ್ತದೆ. ಈ ಹಕ್ಕಿಗೆ ಬಾಲದ ಆಸರೆ ಬೇಡ. ಉಗುರುಗಳ ಬಲದಿಂದಲೇ ತಲೆಕೆಳಗಾಗಿಯೂ ಸರಸರನೆ ಇಳಿಯುತ್ತದೆ. ಹೀಗಾಗಿ ಮೇಲೇರುವ ಹಕ್ಕಿಗಳ ಕಣ್ಣುತಪ್ಪಿಸಿದ, ತೊಗಟೆಯ ಬಿರುಕಿನ ಕೀಟಗಳೂ ಜೇಡಗಳೂ ಇದಕ್ಕೆ ಸಿಗುತ್ತವೆ. ಆದರೆ ಬಿಳಿ ಕಾಂಡಕೊರಕದ ಮರಿಹುಳುವನ್ನು ಕಾಫಿ ಕಾಂಡದೊಳಗಿಂದ ಕೆತ್ತಿ ತೆಗೆಯುವ ಕೊಕ್ಕು ಇದರದಲ್ಲ. ಹುಳು ಹೊಕ್ಕ ಗಿಡವನ್ನು ಬೆಳೆಗಾರರೇ ಕಿತ್ತು ಸುಡಬೇಕು.

ಗೂಡಿಗೆ ಇದು ಆರಿಸುವುದು ಮರದ ಪೊಟರೆ, ಇಲ್ಲವೆ ಮರಕುಟಿಗ ಬಿಟ್ಟುಹೋದ ತೂತು. ಮರಗಸಿ ಮಾಡುವಾಗ ಪೊಟರೆಯಿರುವ ಹಳೆಯ ಮರವನ್ನು, ಬೀಳುವ ಭಯವಿಲ್ಲದಿದ್ದರೆ, ಉಳಿಸಿಕೊಳ್ಳುವುದು ಲೇಸು.