ನೀಲಿ ಹೊಗೆ ಮತ್ತು ಆಯಿಲ್ ವ್ಯಯ: ಕಾರಿನ ಮಾಲೀಕರು ತಿಳಿದಿರಬೇಕಾದ ಸಂಗತಿಗಳು

ಮುಂಬಯಿಯ ಬಾಂದ್ರಾ ಉಪನಗರದ ಆಟೋರಿಕ್ಷಾಗಳ ಗಡಿ. ಮಾಹಿಮ್ ಕೊಲ್ಲಿಯನ್ನು ದಾಟಿ ದಕ್ಷಿಣಕ್ಕೆ ಹೋಗಲು ಅವುಗಳಿಗೆ ಅನುಮತಿಯಿಲ್ಲ. ಹಿಂದಿನ ಎರಡು ಸ್ಟ್ರೋಕಿನ ಆಟೋಗಳಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಉರಿಸುತ್ತಿದ್ದುದರಿಂದ ನೀಲಿ ಹೊಗೆ ಸಾಮಾನ್ಯ ನೋಟವಾಗಿತ್ತು. ಆದರೆ ನಾಲ್ಕು ಸ್ಟ್ರೋಕಿನ ಕಾರಿನಲ್ಲಿ ಅದು ಸಹಜವಲ್ಲ. ಎಂಜಿನ್ನಿನ ಆಯಿಲ್ ದಹನ ಕೋಣೆಯನ್ನು ಸೇರಿ ಉರಿಯುತ್ತಿದೆ ಎಂಬುದಕ್ಕೆ ಅದು ಸೂಚನೆ. ಕಪ್ಪು ಹೊಗೆ ಇಂಧನ ಅತಿಯಾಗಿರುವುದನ್ನೂ, ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಸಾಮಾನ್ಯವಾಗಿ ಕೂಲೆಂಟ್ ಒಳಸೇರುತ್ತಿರುವುದನ್ನೂ ತಿಳಿಸುತ್ತವೆ.

ಮೊದಲು ಅಳತೆ

ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿದ ಐದು ಹತ್ತು ನಿಮಿಷಗಳ ನಂತರ ಡಿಪ್‌ಸ್ಟಿಕ್ ನೋಡಬೇಕು. ಮೇಲಿನ ಗುರುತಿನವರೆಗೆ ಆಯಿಲ್ ತುಂಬಿ, 1000 ಕಿಲೋಮೀಟರ್ ಓಡಿದ ಮೇಲೆ ಎಷ್ಟು ಸೇರಿಸಬೇಕಾಯಿತೆಂದು ಬರೆದಿಟ್ಟು, ಕಾರಿನ ಕೈಪಿಡಿಯಲ್ಲಿ ಹೇಳಿದ ಮಿತಿಯೊಡನೆ ಹೋಲಿಸಬೇಕು. ರಾತ್ರಿ ಕಾರಿನಡಿ ರಟ್ಟು ಹಾಸಿದರೆ ಸೋರಿಕೆ ಇದೆಯೇ ಎಂಬುದು ತಿಳಿಯುತ್ತದೆ. ಮೇಲಿನ ಗುರುತನ್ನು ಮೀರಿ ಆಯಿಲ್ ತುಂಬಿದ್ದರೂ, ಎಂಜಿನ್ನಿನ ಬ್ರೀದರ್ ಕೊಳವೆ ಕಟ್ಟಿಕೊಂಡಿದ್ದರೂ ನೀಲಿ ಹೊಗೆ ಬರಬಹುದು. ಇವುಗಳ ಪರಿಹಾರ ಅಲ್ಪ ವೆಚ್ಚದ್ದು.

ಹೊಗೆ ಬರುವ ಸಮಯ

ದೋಷದ ಸ್ಥಾನವನ್ನು ಹೊಗೆ ಬರುವ ಸಮಯವೇ ಬಹುಮಟ್ಟಿಗೆ ಸೂಚಿಸುತ್ತದೆ. ಬಾಂದ್ರಾದ ಪಾಲಿ ಹಿಲ್‌ನ ಏರು ಹತ್ತುವಾಗ, ಅಂದರೆ ಎಂಜಿನ್ನಿನ ಮೇಲೆ ಭಾರ ಬಿದ್ದಾಗ, ಎಡೆಬಿಡದೆ ಹೊಗೆ ಬಂದರೆ ಪಿಸ್ಟನ್ ರಿಂಗು ಅಥವಾ ಸಿಲಿಂಡರ್ ಸವೆದಿರುವ ಸಂಭವ ಹೆಚ್ಚು. ಅದೇ ಇಳಿಜಾರಿನಲ್ಲಿ ಎಕ್ಸಿಲರೇಟರ್ ಬಿಟ್ಟು ಇಳಿದು, ಮತ್ತೆ ಒತ್ತಿದೊಡನೆ ಒಮ್ಮೆ ಹೊಗೆ ಚಿಮ್ಮಿದರೆ ವಾಲ್ವ್ ಸೀಲುಗಳನ್ನು ಶಂಕಿಸಬೇಕು. ಎಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲ್ ಎಂಜಿನ್ನಿನ ಒಳಸೇರಿಕೆಯ ಕೊಳವೆಯಲ್ಲಿ ಉಂಟಾಗುವ ಪ್ರಬಲ ಸೆಳೆತವು ಸವೆದ ಸೀಲಿನ ಮೂಲಕ ಆಯಿಲನ್ನು ಎಳೆದುಕೊಳ್ಳುತ್ತದೆ. ಸಿಗ್ನಲ್‌ನಲ್ಲಿ ಬಹಳ ಹೊತ್ತು ನಿಂತು ಹೊರಡುವಾಗಲೂ, ರಾತ್ರಿ ನಿಂತ ಕಾರನ್ನು ಬೆಳಿಗ್ಗೆ ಚಾಲೂ ಮಾಡಿದಾಗಲೂ ಕಾಣುವ ಹೊಗೆ ಇದೇ ಬಗೆಯದು.

ದೃಢೀಕರಣ

ಈ ಊಹೆಯನ್ನು ಕಂಪ್ರೆಷನ್ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಒತ್ತಡ ಕಡಿಮೆಯಿರುವ ಸಿಲಿಂಡರಿಗೆ ಒಂದು ಟೀ ಚಮಚದಷ್ಟು ಆಯಿಲ್ ಹಾಕಿ ಮತ್ತೆ ಅಳೆದಾಗ ಒತ್ತಡ ಗಣನೀಯವಾಗಿ ಏರಿದರೆ ದೋಷ ರಿಂಗು, ಸಿಲಿಂಡರಿನದು. ಒತ್ತಡವೆಲ್ಲ ಸರಿಯಿದ್ದೂ ಹೊಗೆ ಬರುತ್ತಿದ್ದರೆ ವಾಲ್ವ್ ಸೀಲುಗಳತ್ತ ಗಮನ ಹರಿಸಬೇಕು. ಟರ್ಬೋ ಇರುವ ಕಾರುಗಳಲ್ಲಿ ಅದರ ಸೀಲನ್ನೂ ಪರೀಕ್ಷಿಸುವುದು ಅವಶ್ಯ. ಅನೇಕ ಕಾರುಗಳಲ್ಲಿ ಎಂಜಿನ್ ಇಳಿಸದೆಯೇ ವಾಲ್ವ್ ಸೀಲುಗಳನ್ನು ಬದಲಿಸಬಹುದಾದ್ದರಿಂದ, ಪರೀಕ್ಷೆಯಿಲ್ಲದೆ ಎಂಜಿನ್ ಬಿಚ್ಚಿಸುವುದು ವ್ಯರ್ಥ ವೆಚ್ಚಕ್ಕೆ ದಾರಿಯಾದೀತು.

ಉಪೇಕ್ಷೆ ಸಲ್ಲದು

ಮುಂಬಯಿಯೂ ಸೇರಿದಂತೆ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ 1995ರ ಏಪ್ರಿಲ್‌ನಿಂದ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ವಿಷಾನಿಲಗಳನ್ನು ತಗ್ಗಿಸುವ ಈ ದುಬಾರಿ ಸಾಧನವನ್ನು ಉರಿದ ಆಯಿಲಿನ ರಂಜಕವು ಕ್ರಮೇಣ ನಿಷ್ಕ್ರಿಯಗೊಳಿಸುತ್ತದೆ. ಆಯಿಲ್ ಕೆಳಗಿನ ಗುರುತಿಗಿಂತ ಇಳಿದರೆ ಬೇರಿಂಗುಗಳು ಸವೆದು ಎಂಜಿನ್ನೇ ಹಿಡಿದು ನಿಲ್ಲಬಹುದು. ದಪ್ಪ ಆಯಿಲ್ ಹಾಕುವುದರಿಂದ ದೋಷ ಮರೆಯಾದೀತೇ ಹೊರತು ನಿವಾರಣೆಯಾಗದು. ಮಾಲಿನ್ಯ ನಿಯಂತ್ರಣ ಪ್ರಮಾಣಪತ್ರ ಕಡ್ಡಾಯ; ಆದರೆ ಪೆಟ್ರೋಲ್ ಕಾರನ್ನು ನಿಂತಲ್ಲೇ ಪರೀಕ್ಷಿಸಿ ನೀಡುವ ಆ ಪತ್ರವೊಂದೇ ಎಂಜಿನ್ನಿನ ಸುಸ್ಥಿತಿಗೆ ಸಾಕ್ಷಿಯಲ್ಲ. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡುವ ಅಭ್ಯಾಸವು ಮಾಲೀಕರ ಹಣವನ್ನೂ ನೆರೆಹೊರೆಯವರು ಉಸಿರಾಡುವ ಗಾಳಿಯನ್ನೂ ಕಾಪಾಡುತ್ತದೆ.