ಉಚಿತ ಚಾರ್ಟ್ ತಂತ್ರಾಂಶಗಳ ಒಳಹೊರಗು: ಸಿಂಧನೂರು ಸೀಮೆಯ ಸಣ್ಣ ಹೂಡಿಕೆದಾರರಿಗೆ ಅನುಭವದ ಪಾಠಗಳು

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳಲ್ಲಿ ದರದ ಏರಿಳಿತ ನೋಡಿ ವ್ಯವಹರಿಸುವ ರೂಢಿ ಹಳೆಯದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತವಾಗಲಿ, ಮಳೆಯನ್ನೇ ನಂಬಿದ ಎರೆಹೊಲದ ತೊಗರಿ, ಕಡಲೆ, ಹತ್ತಿಯಾಗಲಿ, ಎಪಿಎಂಸಿಯಲ್ಲಿ, ಅಡತ್ ಅಂಗಡಿಯಲ್ಲಿ, ಅಕ್ಕಿ ಗಿರಣಿಯಲ್ಲಿ ದರ ವಿಚಾರಿಸದೆ ಮಾರಾಟಕ್ಕೆ ಹೊರಡುವವರು ವಿರಳ. ಇಂಥ ಸೀಮೆಯ ಅಂಗಡಿಕಾರರು, ಶಿಕ್ಷಕರು, ನೌಕರರು ಮೊಬೈಲಿನ ಮೂಲಕ ಷೇರುಪೇಟೆಗೆ ಕಾಲಿಟ್ಟಾಗ ಮೊದಲು ಎದುರಾಗುವುದು ಉಚಿತ ಚಾರ್ಟ್ ತಂತ್ರಾಂಶ, ಅಂದರೆ ಷೇರಿನ ದರದ ಚಲನೆಯನ್ನು ಗೆರೆಗಳಲ್ಲೂ ಕಂಬಗಳಲ್ಲೂ ತೋರಿಸುವ ಸಾಧನ. ಇಂಥ ಸಾಧನಗಳನ್ನು ದೀರ್ಘಕಾಲ ಬಳಸಿದ ಮೇಲೆ ಮನವರಿಕೆಯಾಗುವ ಪಾಠವೆಂದರೆ, ಅವುಗಳನ್ನು ಸೌಲಭ್ಯಗಳ ಸಂಖ್ಯೆಯಿಂದ ಅಳೆಯಬಾರದು. ತೋರಿಸುವ ದರ ನಂಬಲರ್ಹವೇ, ಬಳಕೆಯಿಂದ ಆಗುವ ಒಟ್ಟು ಖರ್ಚೆಷ್ಟು, ಬಳಸುವವರ ತೀರ್ಮಾನವನ್ನು ಅದು ಪರೀಕ್ಷೆಗೆ ಒಡ್ಡಲು ಬಿಡುತ್ತದೆಯೇ ಎಂಬ ಮೂರು ಪ್ರಶ್ನೆಗಳಿಂದ ಅಳೆಯಬೇಕು.

ಉಚಿತವಾಗಿ ದೊರೆಯುವ ಸಾಧನಗಳಲ್ಲಿ ಮೂರು ಬಗೆಗಳಿವೆ. ಝೆರೋಧಾದ ಕೈಟ್, ಗ್ರೋ, ಫೈಯರ್ಸ್ ಮುಂತಾದ ಬ್ರೋಕರ್ ಆ್ಯಪ್‌ಗಳಲ್ಲಿ ಚಾರ್ಟ್ ಮತ್ತು ಕೊಳ್ಳುವ ಗುಂಡಿ ಒಂದೇ ಪರದೆಯ ಮೇಲಿರುತ್ತವೆ. ಟ್ರೇಡಿಂಗ್‌ವ್ಯೂ ಚಾರ್ಟ್ ನೋಡಲೆಂದೇ ಇರುವ ತಾಣವಾದರೆ, ಚಾರ್ಟ್‌ಇಂಕ್ ನಿಬಂಧನೆಗೆ ತಕ್ಕ ಷೇರುಗಳನ್ನು ಸೋಸಿ ಕೊಡುತ್ತದೆ. ಮೂರನೆಯ ಬಗೆಗೆ ಸೇರಿದ ಮೆಟಾಟ್ರೇಡರ್ ಹೊರದೇಶದ ವಿದೇಶಿ ವಿನಿಮಯ ದಲ್ಲಾಳಿಗಳ ನಡುವೆ ಹೆಚ್ಚು ಬಳಕೆಯಲ್ಲಿದೆ. ಇದರ ವಿಷಯದಲ್ಲಿ ಮಾತ್ರ ಗುಣದೋಷಕ್ಕಿಂತ ಮೊದಲು ಕಾನೂನು ನೋಡಬೇಕಾಗುತ್ತದೆ, ಏಕೆಂದರೆ ಭಾರತದ ನಿವಾಸಿಗಳು ವಿದೇಶಿ ವಿನಿಮಯದ ವಹಿವಾಟನ್ನು ಅಧಿಕೃತ ವೇದಿಕೆಗಳಲ್ಲಿ ಅಥವಾ ಮಾನ್ಯತೆ ಪಡೆದ ವಿನಿಮಯ ಕೇಂದ್ರಗಳಲ್ಲಿ ಮಾತ್ರ ನಡೆಸಬಹುದು. ಅನಧಿಕೃತ ವೇದಿಕೆಗಳ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಿಂದ ಪ್ರಕಟಿಸುತ್ತ ಬಂದಿದೆ.

ಯಾವ ದರದ ಚಾರ್ಟ್ ಸಿಗುತ್ತದೆ, ಯಾವುದರದು ಸಿಗುವುದಿಲ್ಲ ಎಂಬುದು ಈ ಸೀಮೆಯವರು ಮೊದಲು ತಿಳಿಯಬೇಕಾದ ವಿಷಯ. ಸೆಬಿ, ಅಂದರೆ ಷೇರುಪೇಟೆಯ ನಿಯಂತ್ರಣ ಮಂಡಳಿ, 2021ರ ಡಿಸೆಂಬರ್‌ನಲ್ಲಿ ಬಾಸ್ಮತಿಯೇತರ ಭತ್ತ ಮತ್ತು ಕಡಲೆ ಸೇರಿದಂತೆ ಏಳು ಕೃಷಿ ಸರಕುಗಳ ವಾಯಿದಾ ವಹಿವಾಟನ್ನು ಅಮಾನತಿನಲ್ಲಿಟ್ಟು, ಆ ತಡೆಯನ್ನು ಮತ್ತೆ ಮತ್ತೆ ವಿಸ್ತರಿಸಿತು. ಮುಂದಿನ ದಿನಾಂಕವೊಂದಕ್ಕೆ ಇಂದೇ ದರ ಗೊತ್ತುಮಾಡಿಕೊಳ್ಳುವ ಈ ವ್ಯವಹಾರ ತೊಗರಿಯ ಮಟ್ಟಿಗೆ 2007ರಲ್ಲೇ ನಿಂತಿತ್ತು. ಹೀಗಾಗಿ ಚಿನ್ನದ ಚಾರ್ಟ್ ರಾತ್ರಿಯವರೆಗೂ ಪರದೆಯ ಮೇಲೆ ಓಡುತ್ತಿದ್ದರೂ ಸಿಂಧನೂರಿನ ಭತ್ತಕ್ಕೂ ಮಸ್ಕಿಯ ತೊಗರಿಗೂ ಅಂಥ ಚಾರ್ಟ್ ಸಿಗಲಿಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ ಕಂಪನಿಯೂ ರಾಜ್ಯ ಸರ್ಕಾರದ್ದಾಗಿದ್ದು ಷೇರುಪೇಟೆಯ ಪಟ್ಟಿಯಲ್ಲಿಲ್ಲ. ಭತ್ತದ ವ್ಯವಹಾರ ಬಲ್ಲವರು ಸಹಜವಾಗಿಯೇ ಅಕ್ಕಿ ಕಂಪನಿಗಳ ಷೇರಿನತ್ತ ತಿರುಗುತ್ತಾರಾದರೂ, ಅವುಗಳಲ್ಲಿ ಪ್ರಮುಖವಾದ ಕೆಆರ್‌ಬಿಎಲ್ ಮತ್ತು ಎಲ್‌ಟಿ ಫುಡ್ಸ್ ಬಾಸ್ಮತಿಯನ್ನು ನೆಚ್ಚಿಕೊಂಡ ಕಂಪನಿಗಳಾದ್ದರಿಂದ ಸೋನಾ ಮಸೂರಿಯ ಸ್ಥಳೀಯ ತಿಳಿವಳಿಕೆ ಅಲ್ಲಿ ನೇರವಾಗಿ ನೆರವಿಗೆ ಬರುವುದಿಲ್ಲ.

ಬೆಳೆಯ ದರ ತಿಳಿಯಬೇಕಾದವರಿಗೆ ರಾಜ್ಯದ ಕೃಷಿ ಮಾರಾಟ ಇಲಾಖೆಯ ‘ಕೃಷಿ ಮಾರಾಟ ವಾಹಿನಿ’ ತಾಣವೇ ಹೆಚ್ಚು ಉಪಯುಕ್ತ. ಮಾರುಕಟ್ಟೆವಾರು ಆವಕ, ಕನಿಷ್ಠ ದರ, ಗರಿಷ್ಠ ದರ ಮತ್ತು ಹೆಚ್ಚು ಮಾಲು ಮಾರಾಟವಾದ ಮಾದರಿ ದರ ಅದರಲ್ಲಿ ಸಿಗುತ್ತವೆ. ಅವನ್ನು ದಿನವೂ ಲಿಬ್ರೆಆಫೀಸ್‌ನಂಥ ಉಚಿತ ತಂತ್ರಾಂಶದ ಕೋಷ್ಟಕದಲ್ಲಿ ತುಂಬಿಸುತ್ತ ಹೋದರೆ, ಸುಗ್ಗಿಯಲ್ಲಿ ಆವಕ ಏರಿದಾಗ ದರ ಎಷ್ಟು ಕುಸಿಯುತ್ತದೆ ಎಂಬುದನ್ನು ಸ್ವಂತ ಚಾರ್ಟಿನಲ್ಲೇ ಕಾಣಬಹುದು.

ಷೇರಿನ ಚಾರ್ಟಿಗೆ ಬಂದರೆ, ದರ ತಕ್ಷಣದ್ದೋ ತಡವಾಗಿ ಬರುವುದೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಉಚಿತ ತಾಣಗಳಲ್ಲಿ ಕೆಲವು ವಿನಿಮಯ ಕೇಂದ್ರಗಳ ದರ ಹಲವು ನಿಮಿಷ ತಡವಾಗಿ ಬರುತ್ತದೆ. ವಾರಕ್ಕೊಮ್ಮೆ ನೋಡುವವರಿಗೆ ಅದು ಬಾಧಕವಲ್ಲ, ದಿನದೊಳಗೆ ಕೊಂಡು ಮಾರುವವರಿಗೆ ಅಪಾಯಕಾರಿ. ಹಳೆಯ ದರಗಳ ಹೊಂದಾಣಿಕೆ ಇನ್ನೊಂದು ಪರೀಕ್ಷೆ. 2024ರ ಡಿಸೆಂಬರ್‌ನಲ್ಲಿ ವಿಪ್ರೊ ಪ್ರತಿ ಷೇರಿಗೆ ಒಂದು ಬೋನಸ್ ಷೇರು ಕೊಟ್ಟಾಗ, ಸುಮಾರು 585 ರೂಪಾಯಿಯ ಷೇರು ಮರುದಿನ 290ರ ಆಸುಪಾಸಿಗೆ ಬಂದಿತು. ಷೇರುಗಳ ಸಂಖ್ಯೆ ಇಮ್ಮಡಿಯಾದ್ದರಿಂದ ಹೂಡಿಕೆದಾರರಿಗೆ ನಷ್ಟವೇನೂ ಆಗಲಿಲ್ಲ. ಆದರೆ ಹಿಂದಿನ ದರಗಳನ್ನೂ ಅರ್ಧಕ್ಕೆ ಇಳಿಸಿ ಹೊಂದಿಸದ ಚಾರ್ಟಿನಲ್ಲಿ ಅದು ಭಾರೀ ಕುಸಿತದಂತೆ ಕಾಣುತ್ತದೆ, ಮತ್ತು ಅದನ್ನೇ ಆಧರಿಸಿದ ಎಲ್ಲ ಲೆಕ್ಕಾಚಾರವೂ ತಪ್ಪುತ್ತದೆ. ಆದ್ದರಿಂದ ಹೊಸ ತಂತ್ರಾಂಶ ತೆರೆದ ಕೂಡಲೇ ಇಂಥ ಗೊತ್ತಿರುವ ದಿನಾಂಕವೊಂದಕ್ಕೆ ಹೋಗಿ ನೋಡುವುದು ಒಳ್ಳೆಯ ಅಭ್ಯಾಸ. ತೂಕಕ್ಕೆ ಚೀಲ ಏರಿಸುವ ಮುನ್ನ ರೈತರು ತಕ್ಕಡಿಯ ಮುಳ್ಳು ನೋಡುವುದೂ ಇದೇ ಕಾರಣಕ್ಕೆ.

ಸೂಚಕಗಳ, ಅಂದರೆ ಇಂಡಿಕೇಟರ್‌ಗಳ, ವಿಷಯದಲ್ಲಿ ಉಚಿತ ಯೋಜನೆಗಳ ಮಿತಿ ಕೊರತೆಯಂತೆ ಕಂಡರೂ ವಾಸ್ತವದಲ್ಲಿ ಉಪಕಾರಿ. ಚಲಿಸುವ ಸರಾಸರಿಯು ಕಳೆದ ಇಷ್ಟು ದಿನಗಳ ಮುಕ್ತಾಯ ದರಗಳ ಸರಾಸರಿ. ವೆಲ್ಸ್ ವೈಲ್ಡರ್ 1978ರಲ್ಲಿ ಪರಿಚಯಿಸಿದ ಆರ್‌ಎಸ್‌ಐ ಇತ್ತೀಚಿನ ಏರಿಕೆಗಳನ್ನು ಇಳಿಕೆಗಳೊಂದಿಗೆ ಹೋಲಿಸಿ 0ಯಿಂದ 100ರೊಳಗಿನ ಅಂಕ ಕೊಡುತ್ತದೆ. ಇವೆರಡೂ ಆಗಿಹೋದ ದರದಿಂದಲೇ ಹುಟ್ಟುವಂಥವು, ಆದ್ದರಿಂದ ಹತ್ತು ಸೂಚಕಗಳು ಒಂದೇ ದಿಕ್ಕು ತೋರಿಸಿದರೆ ಅದು ಹತ್ತು ಸಾಕ್ಷಿಗಳ ಮಾತಲ್ಲ, ಒಂದೇ ಸಾಕ್ಷಿಯ ಮಾತಿನ ಪುನರಾವರ್ತನೆ. ಕೆಲವು ಸೂಚಕಗಳು ಹೊಸ ದರ ಬಂದಂತೆ ತಮ್ಮ ಹಳೆಯ ಗುರುತುಗಳನ್ನು ಸರಿಸಿಬಿಡುವುದರಿಂದ, ನಿನ್ನೆಯ ಚಾರ್ಟಿನಲ್ಲಿ ಅಚ್ಚುಕಟ್ಟಾಗಿ ಕಾಣುವ ‘ಕೊಳ್ಳಿ’ ಸಂಕೇತ ನಿನ್ನೆ ಆ ಹೊತ್ತಿನಲ್ಲಿ ಅಲ್ಲಿ ಇದ್ದಿರಲಾರದು. ದಿನಗಟ್ಟಲೆ ಚಾರ್ಟಿನ ಚಿತ್ರ ತೆಗೆದಿಟ್ಟು ಹೋಲಿಸಿದರೆ ಈ ದೋಷ ತಾನಾಗಿ ಹೊರಬೀಳುತ್ತದೆ.

ಎಚ್ಚರಿಕೆ ಸಂದೇಶಕ್ಕೂ ಆದೇಶಕ್ಕೂ ಇರುವ ಅಂತರವನ್ನು ಹೊಸಬರು ಅನೇಕ ವೇಳೆ ಮರೆಯುತ್ತಾರೆ. ಷೇರು ಇಂತಿಷ್ಟು ದರಕ್ಕೆ ಇಳಿದರೆ ತಿಳಿಸು ಎಂದು ತಂತ್ರಾಂಶಕ್ಕೆ ಹೇಳಿಟ್ಟಿರುವುದು ಬರೀ ಸಂದೇಶ. ಅದು ಬರುವ ಹೊತ್ತಿಗೆ ಫೋನ್ ಕೈಯಲ್ಲಿಲ್ಲದಿರಬಹುದು, ಹೊಲದಲ್ಲಿ ನೆಟ್‌ವರ್ಕ್ ಸಿಗದಿರಬಹುದು, ಅಂಗಡಿಯಲ್ಲಿ ಗಿರಾಕಿಗಳು ತುಂಬಿರಬಹುದು. ನಷ್ಟವನ್ನು ಒಂದು ಮಿತಿಯಲ್ಲಿ ತಡೆಯುವ ಸ್ಟಾಪ್‌ಲಾಸ್ ಆದೇಶವನ್ನು ಬ್ರೋಕರ್ ಮೂಲಕ ಮೊದಲೇ ಕೊಟ್ಟಿಟ್ಟರೆ ಮಾತ್ರ ಅದು ವ್ಯಕ್ತಿಯ ಹಾಜರಿಯನ್ನು ಅವಲಂಬಿಸದೆ ಕೆಲಸ ಮಾಡುತ್ತದೆ, ದರ ಹಠಾತ್ ಜಿಗಿದಾಗ ನಿಗದಿತ ಬೆಲೆಯೇ ಸಿಗುತ್ತದೆಂಬ ಖಾತರಿ ಇಲ್ಲವಾದರೂ.

ಚಾರ್ಟ್ ಉಚಿತವಾದರೂ ವಹಿವಾಟು ಉಚಿತವಲ್ಲ ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. 500 ರೂಪಾಯಿಯ 100 ಷೇರು ಕೊಂಡು ಅದೇ ದಿನ 502ಕ್ಕೆ ಮಾರಿದರೆ 200 ರೂಪಾಯಿ ಲಾಭ ಕಾಣುತ್ತದೆ. ಪ್ರತಿ ಆದೇಶಕ್ಕೆ 20 ರೂಪಾಯಿ ದಲ್ಲಾಳಿ ಶುಲ್ಕವೆಂದರೆ ಎರಡಕ್ಕೆ 40, ಅದರ ಮೇಲೆ ಶೇ 18ರ ಜಿಎಸ್‌ಟಿ 7.20, ಮಾರಾಟದ ಮೊತ್ತಕ್ಕೆ ಶೇ 0.025ರ ಷೇರು ವಹಿವಾಟು ತೆರಿಗೆ 12.55, ಒಟ್ಟು ಸುಮಾರು 60 ರೂಪಾಯಿ ಅಲ್ಲಿಯೇ ಕಳೆಯುತ್ತದೆ. ವಿನಿಮಯ ಕೇಂದ್ರದ ಶುಲ್ಕ, ಸ್ಟ್ಯಾಂಪ್ ಶುಲ್ಕ, ಆದಾಯ ತೆರಿಗೆ ಇನ್ನೂ ಬೇರೆ. ಲಾಭವೇ ಆಗದ ದಿನವೂ ಈ ಖರ್ಚು ತಪ್ಪುವುದಿಲ್ಲ. ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ ನಡೆಯುವ ಪೇಟೆಯಲ್ಲಿ ಹದಿನೈದು ನಿಮಿಷದ ಚಾರ್ಟ್ ದಿನಕ್ಕೆ 25 ಕಂಬಗಳನ್ನು, ಐದು ನಿಮಿಷದ ಚಾರ್ಟ್ 75 ಕಂಬಗಳನ್ನು ತೋರಿಸುತ್ತದೆ. ಕಂಬಗಳು ಹೆಚ್ಚಿದಷ್ಟೂ ಗುಂಡಿ ಒತ್ತುವ ಪ್ರಲೋಭನೆ ಹೆಚ್ಚುತ್ತದೆ.

ಇದರ ಪರಿಣಾಮ ಸೆಬಿಯ ಅಧ್ಯಯನಗಳಲ್ಲಿ ದಾಖಲಾಗಿದೆ. 2024ರ ಸೆಪ್ಟೆಂಬರ್‌ನ ವರದಿಯ ಪ್ರಕಾರ, 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ನಡೆಸಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತು. ಆ ಕೊನೆಯ ವರ್ಷದಲ್ಲಿ ಇಂಥ ವಹಿವಾಟುದಾರರಲ್ಲಿ ಶೇ 72ಕ್ಕೂ ಹೆಚ್ಚು ಮಂದಿ ದೇಶದ ಮೊದಲ ಮೂವತ್ತು ನಗರಗಳ ಹೊರಗಿನವರು, ಅಂದರೆ ಸಿಂಧನೂರಿನಂಥ ಊರುಗಳವರೂ ಸೇರಿದ ವರ್ಗ. ಅದೇ ವರ್ಷ ವಿದೇಶಿ ಹೂಡಿಕೆ ಸಂಸ್ಥೆಗಳು ಗಳಿಸಿದ ಲಾಭದ ಶೇ 97ರಷ್ಟು ಗಣಕಯಂತ್ರವೇ ಆದೇಶ ಹಾಕುವ ಆಲ್ಗೊ ವಹಿವಾಟಿನಿಂದ ಬಂದಿತ್ತು. ಎದುರಿಗೆ ಅಂಥ ಬಲವಿರುವಾಗ, ಉಚಿತ ಚಾರ್ಟಿನ ಎರಡು ಗೆರೆಗಳು ಅಡ್ಡ ಹಾದ ಕಾರಣಕ್ಕೆ ಬೆಳೆಯ ಹಣವನ್ನು ಆಪ್ಷನ್ಸ್‌ಗೆ ಹಾಕುವುದು ಖಂಡಿತ ಸಲ್ಲದು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ಪ್ರದೇಶ ಬೆಳೆಯ ಚಿಂತೆಗೆ ಬಿದ್ದಿತ್ತು. ನೀರಿನ ಅನಿಶ್ಚಿತತೆಯನ್ನು ಈಗಾಗಲೇ ಹೊತ್ತಿರುವ ಕುಟುಂಬಗಳು ಮುಂದಿನ ಹಂಗಾಮಿನ ಬೀಜ, ಗೊಬ್ಬರದ ಹಣದ ಮೇಲೆ ಇನ್ನೊಂದು ಅನಿಶ್ಚಿತತೆಯನ್ನು ಹೇರಿಕೊಳ್ಳಬಾರದು.

ವಂಚನೆಯ ಆ್ಯಪ್‌ಗಳು ಉಚಿತದ ಹೆಸರಿನಲ್ಲೇ ಬರುತ್ತವೆ. ವಾಟ್ಸ್‌ಆ್ಯಪ್ ಅಥವಾ ಟೆಲಿಗ್ರಾಂ ಗುಂಪಿನಲ್ಲಿ ಬಂದ ಕೊಂಡಿಯಿಂದ ಇಳಿಸಿಕೊಳ್ಳುವ ಆ್ಯಪ್, ಅದರೊಳಗೆ ಮಾತ್ರ ಏರುವ ಲಾಭ, ಹಣ ಹಿಂಪಡೆಯಲು ಮತ್ತೆ ‘ತೆರಿಗೆ’ ಕಟ್ಟಿರೆಂಬ ಬೇಡಿಕೆ, ಇವು ವಂಚನೆಯ ಖಚಿತ ಲಕ್ಷಣಗಳು. ಬ್ರೋಕರ್‌ನ ಸೆಬಿ ನೋಂದಣಿ ಸಂಖ್ಯೆಯನ್ನು ಸೆಬಿಯ ತಾಣದಲ್ಲೇ ಪರಿಶೀಲಿಸಬೇಕು, ಹಣ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ತಿಳಿಸಬೇಕು. ಷೇರಿನ ದರ ಬಳಸಿ ಅಣಕು ವಹಿವಾಟು, ಬಹುಮಾನದ ಸ್ಪರ್ಧೆ ನಡೆಸುವ ಅನಧಿಕೃತ ವೇದಿಕೆಗಳಿಂದ ದೂರವಿರುವಂತೆ ಸೆಬಿ 2024ರ ನವೆಂಬರ್‌ನಲ್ಲಿ ಎಚ್ಚರಿಸಿದೆ. ಅಭ್ಯಾಸಕ್ಕೆ ಅಂಥ ವೇದಿಕೆಯ ಅಗತ್ಯವೂ ಇಲ್ಲ: ಸಂಜೆಯ ಮುಕ್ತಾಯ ದರ ನೋಡಿ, ಕೊಳ್ಳುವ ಕಾರಣ, ಹೊರಬರುವ ದರ, ತಗಲುವ ಖರ್ಚು ಇವಿಷ್ಟನ್ನು ಬರೆದಿಟ್ಟು ಕೆಲವು ತಿಂಗಳ ನಂತರ ಲೆಕ್ಕ ಹಾಕಿದರೆ ಸಾಕು.

ಇಷ್ಟನ್ನೂ ತೂಗಿ ನೋಡಿದರೆ, ಸ್ವಂತ ಉಳಿತಾಯದ ಒಂದು ಪಾಲನ್ನು ವರ್ಷಗಟ್ಟಲೆ ಷೇರಿನಲ್ಲಿಡುವವರಿಗೆ ದೈನಿಕ ಅಥವಾ ಸಾಪ್ತಾಹಿಕ ಚಾರ್ಟ್, ವಹಿವಾಟಿನ ಪ್ರಮಾಣ, ಒಂದು ಚಲಿಸುವ ಸರಾಸರಿ ಸಾಕಾಗುತ್ತವೆ, ಮತ್ತು ಇವಿಷ್ಟೂ ಉಚಿತ ಸಾಧನಗಳಲ್ಲೇ ದೊರೆಯುವುದರಿಂದ ಹಣ ಕೊಟ್ಟು ಚಂದಾದಾರರಾಗಬೇಕಾಗಿಲ್ಲ. ಚಾರ್ಟ್ ನೋಡುವ ತಾಣ ಮತ್ತು ಆದೇಶ ಹಾಕುವ ಆ್ಯಪ್ ಬೇರೆ ಬೇರೆಯಾಗಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಒಂದರಿಂದ ಇನ್ನೊಂದಕ್ಕೆ ಹೋಗುವ ಆ ಅಲ್ಪ ಅವಧಿ ಯೋಚನೆಗೆ ಅವಕಾಶ ಕೊಡುತ್ತದೆ. ವರ್ಷದ ಕೊನೆಗೆ ಬರೆದಿಟ್ಟ ಲೆಕ್ಕ, ಎಲ್ಲ ಖರ್ಚು ಕಳೆದ ಮೇಲೆ, ಬ್ಯಾಂಕಿನ ನಿಶ್ಚಿತ ಠೇವಣಿಗಿಂತ ಕಡಿಮೆ ತೋರಿಸಿದರೆ ಬದಲಿಸಬೇಕಾದದ್ದು ತಂತ್ರಾಂಶವನ್ನಲ್ಲ, ವಹಿವಾಟು ನಡೆಸುವ ರೀತಿಯನ್ನು.